ಕೊಡಲಿ ಕೊಡದ ಅಂಗಡಿ

ಎದುರಂಗಡಿಯ ಆಳಿನ ಹಣೆ ಒಡೆದವಳು ನಾನೇ. ಮೊಳೆ ತೂಗುವ ಅರ್ಧ ಕಿಲೋದ ಕಲ್ಲು ಕೈಯಲ್ಲಿತ್ತು. ಬೀಸಿ ಒಗೆದೆ, ನೆಟ್ಟಗೆ ಹೋಗಿ ಹುಬ್ಬಿನ ಮೇಲೆ ಬಡಿಯಿತು. ರಕ್ತ ಕಣ್ಣಿಗಿಳಿದು ಗೋಡೆ ತಡವುತ್ತ ನಿಂತ. ಅವನು ಮಾಡಿದ್ದೇನು ಕಡಿಮೆಯೇ? ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ಒಬ್ಬ ಮುದುಕರ ಹೆಗಲ ಮೇಲಿನ ಟವೆಲ್ ಹಿಡಿದು ಹಿಂದಕ್ಕೆ ಜಗ್ಗಿದ್ದ. ಟವೆಲ್ ಕೊರಳಿಗೆ ಬಿಗಿದು ಮುದುಕರು ಅಂಗಾತ ಬಿದ್ದರು. ಬಿದ್ದವರನ್ನು ಎಬ್ಬಿಸಿ, ಧೂಳು ಕೂಡ ಝಾಡಿಸದೆ, ತನ್ನ ಮಾಲಕನ ಅಂಗಡಿಯೊಳಗೆ ನೂಕಿಕೊಂಡು ಹೊರಟಿದ್ದ. ಆ ಕಲ್ಲಿನ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಮತ್ತೆ ಆ ದಿನ ಬಂದರೆ ಒಂದು ಕಿಲೋದ್ದು ಒಗೆದೇನು.

ಬೈಲಹೊಂಗಲದಲ್ಲಿ ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ ನಮ್ಮದು ಕಬ್ಬಿಣದ ಸಾಮಾನಿನ ಅಂಗಡಿ. ಕುಡಗೋಲು, ಕೊಡಲಿ, ಗುದ್ದಲಿ, ಸಲಿಕೆ, ಹಾರೆ, ಮೊಳೆ. ಮಾವನವರು ಹಾಕಿದ್ದು. ಅವರು ತೀರಿಕೊಂಡ ಮೇಲೆ ಅತ್ತೆ ಕೂತರು, ಅವರ ಜೊತೆಗೆ ನಾನು ಕೂತೆ. ನನ್ನ ಗಂಡ ಹತ್ತಿಯ ಲಾರಿ ಓಡಿಸುತ್ತಾರೆ, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹೀಗೆ ಹೆಂಗಸರಿಬ್ಬರೇ ನಡೆಸುವ ಅಂಗಡಿಯ ನೇರ ಎದುರಿಗೆ ಒಬ್ಬ ಬಂದು ಅದೇ ಸಾಮಾನಿನ ಅಂಗಡಿ ತೆರೆದ. ಬಣ್ಣ ಬಳಿದ ಫ್ಯಾಕ್ಟರಿ ಮಾಲು, ಮೈಕು, ರಸ್ತೆಗೇ ಇಳಿದು ಗಿರಾಕಿ ಹಿಡಿಯುವುದಕ್ಕೆ ಒಬ್ಬ ಆಳು. ಹಳ್ಳಿಯಿಂದ ಟೆಂಪೋ ಬಂದು ನಿಂತರೆ ಸಾಕು, ಇಳಿಯುವವರ ಕೈಚೀಲಕ್ಕೇ ಅವನು ಕೈ ಹಾಕುತ್ತಿದ್ದ. ಒಮ್ಮೆ ಒಬ್ಬ ಹೆಂಗಸಿನ ಬಳೆ ಒಡೆದು ಮೊಣಕೈವರೆಗೆ ರಕ್ತ ಹರಿಯಿತು. ಆಕೆ ಅಳುತ್ತಲೇ ಅವನ ಅಂಗಡಿಯಲ್ಲಿ ಒಂದು ಸಲಿಕೆ ಕೊಂಡು ಹೋದಳು. ಮಂದಿ ಹಾಗೇ. ಜಗ್ಗಿದ ಕಡೆಗೆ ಹೋಗುತ್ತಾರೆ.

ನಾನೂ ಜಗ್ಗುವ ಮನೆಯಿಂದಲೇ ಬಂದವಳು. ತೌರುಮನೆ ಸವದತ್ತಿ. ದೇವಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ನಮ್ಮಪ್ಪನದು ಕಾಯಿ, ಭಂಡಾರ, ಊದಿನಕಡ್ಡಿಯ ಅಂಗಡಿ. ಹುಣ್ಣಿವೆ ಬಂತೆಂದರೆ ಬಂಡಿ ಬಂಡಿ ಮಂದಿ. ಅವರ ದಾರಿಗೆ ಅಡ್ಡ ನಿಂತು, ಹಣೆಗೆ ಭಂಡಾರ ಬಳಿದೇ ಬಿಡುವುದು. ಬಳಿಸಿಕೊಂಡವರು ಕಾಯಿ ಕೊಳ್ಳದೆ ಹೋಗುವ ಹಾಗಿಲ್ಲ. ನಾನು ಲಂಗ ಉಡುವಾಗಲೇ ಈ ವಿದ್ಯೆಯಲ್ಲಿ ಪಾಸಾದವಳು. ಗಿರಾಕಿಯ ಸಲುವಾಗಿ ನಮ್ಮಪ್ಪನೂ ಪಕ್ಕದಂಗಡಿಯವನೂ ಕಾಯಿ ಸುಲಿಯುವ ಕತ್ತಿ ಹಿಡಿದು ಎದುರುಬದುರು ನಿಂತದ್ದನ್ನು ಎಷ್ಟು ಸಲ ನೋಡಿಲ್ಲ! ನನಗೆ ವ್ಯಾಪಾರವೆಂದರೆ ಅದೇ.

ಅತ್ತೆಯ ವ್ಯಾಪಾರ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಅವರು ಯಾರನ್ನೂ ಕರೆಯುತ್ತಿರಲಿಲ್ಲ. ಗೋಣಿಚೀಲ ಹಾಸಿಕೊಂಡು, ಎಲೆಯಡಿಕೆ ಮೆಲ್ಲುತ್ತ, ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುವುದು. ಬಂದವರಿಗೆ ಒಂದೇ ಪ್ರಶ್ನೆ.

"ಏನ ಕೊಯ್ಯಬೇಕಾಗೇತ್ರಿ?"

ಕೊಡಲಿ ಕೇಳಿದರೆ, "ಏನ ಕಡೀಬೇಕಾಗೇತ್ರಿ?"

ಜೋಳವೋ, ಮೇವೋ, ಬೇಲಿಯೋ, ಜಾಲಿಯೋ ಹೇಳಬೇಕು. ಹೇಳಿದ ಮೇಲೆ, ಅದಕ್ಕೆ ತಕ್ಕದ್ದನ್ನು ಗೋಡೆಯಿಂದ ಇಳಿಸಿ ಚೀಲದ ಮೇಲೆ ಇಡುವರು. ಹರಿತದ ಸಾಮಾನನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟವರಿಗೂ ತಗೊಂಡವರಿಗೂ ಜಗಳ ಬೀಳುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನೆಲದ ಮೇಲಿಡಬೇಕು, ಕೊಂಡವರು ಬಗ್ಗಿ ಎತ್ತಿಕೊಳ್ಳಬೇಕು. ಅಲ್ಲಿಯವರೆಗೆ ಸರಿ. ಆದರೆ ಅತ್ತೆ ಅರ್ಧ ಮಂದಿಗೆ ಸಾಮಾನು ಇಳಿಸುತ್ತಲೇ ಇರಲಿಲ್ಲ. "ನಿಮ್ಮ ಹಳೇ ಕುಡಗೋಲ ಏನಾತು? ಸವದೈತೇನು? ಅಷ್ಟಕ್ಕ ಹೊಸಾದು ಯಾಕ? ತಗೊಂಡ ಬರ್ರಿ, ತೊರಗಲ್ಲಿನ ಕಂಬಾರನ ಕಡೆ ಹಣಿಸಿ ಹರಿತ ಮಾಡಿಸಿ ಕೊಡತೇನಿ" ಅಂದು ಕಳಿಸಿಬಿಡುವರು. ಬಂದ ಲಕ್ಷ್ಮಿಯನ್ನು ಬಾಗಿಲಿಂದ ಹಿಂದಕ್ಕೆ ಕಳಿಸುವ ಇಂಥ ಮನುಷ್ಯರನ್ನು ನಾನು ಕಂಡಿರಲಿಲ್ಲ.

"ಅತ್ಯಾರ, ನೀವು ಹಿಂಗ ಕುಂತ್ರ ನಾವು ನೊಣಾ ಹೊಡಕೋತ ಕುಂಡ್ರೂದ" ಅಂತ ನಾನು ದಿನಾ ಜಗಳ ತೆಗೆಯುತ್ತಿದ್ದೆ.

"ನೊಣಾ ಹೊಡಿ. ನಿನಗ ಹೊಡಿಯೂದು ಭಾಳ ಸೇರತೈತಲ್ಲ" ಅನ್ನುವರು.

ನನ್ನ ಗಂಡನೂ ನನ್ನ ಕಡೆಯೇ. ಅಂಗಡಿ ಮುಚ್ಚಿ ಬಾಡಿಗೆಗೆ ಕೊಡೋಣ ಎಂದು ಅವರು ಹಟ ಹಿಡಿದರು. ಮೊಬೈಲ್ ರಿಪೇರಿಯವನೊಬ್ಬ ಕೇಳಿಯೂ ಇದ್ದ. ಅತ್ತೆ ಅವತ್ತು ಊಟ ಬಿಟ್ಟು ಎದ್ದರು. ಆಮೇಲೆ ಬಂದು ಮಗನಿಗೆ, "ಈ ಸುಗ್ಗಿ ದಾಟಲಿ. ಸುಗ್ಗ್ಯಾಗೂ ಗಿರಾಕಿ ಬರಲಿಲ್ಲಂದ್ರ ಕೀಲಿ ನಿನ್ನ ಕೈಯಾಗ ಕೊಡತೇನಿ" ಅಂದರು. ಅದೇ ಕರಾರು. ಜೋಳದ ಸುಗ್ಗಿ ಮುಗಿಯುವುದರೊಳಗೆ ಮಂದಿ ನಮ್ಮ ಮೆಟ್ಟಿಲು ಹತ್ತಬೇಕು, ಇಲ್ಲದಿದ್ದರೆ ಮಾವನವರು ಕಟ್ಟಿದ ಅಂಗಡಿ ಇಲ್ಲ. ನಾನು ಬಾಡಿಗೆಯವನ ಬೋರ್ಡಿಗೆ ಯಾವ ಬಣ್ಣ ಚೆಂದ ಎಂದು ಮನಸ್ಸಿನಲ್ಲೇ ನೋಡಿಕೊಳ್ಳುತ್ತಿದ್ದೆ.

ಸುಗ್ಗಿಯ ಶುರುವಿನಲ್ಲೇ ಒಂದು ಮಧ್ಯಾಹ್ನ ಗಿರಾಕಿಯೊಬ್ಬ ಬಂದ. ನಡುವಯಸ್ಸು, ಒಳ್ಳೆ ಕಟ್ಟುಮಸ್ತು ಆಳು. ಮೋಟಾರ್ ಸೈಕಲ್ ಬಂದ್ ಮಾಡದೆಯೇ ಇಳಿದ. ತುಟಿ ಒಡೆದಿತ್ತು, ಅಂಗಿಯ ಒಂದು ತೋಳು ಹರಿದು ಜೋತಾಡುತ್ತಿತ್ತು. ಆಗಲೇ ಎಲ್ಲೋ ಹೊಡೆಸಿಕೊಂಡು ಬಂದಿದ್ದಾನೆ ಎಂಬುದು ಕುರುಡರಿಗೂ ಗೊತ್ತಾಗುವಂತಿತ್ತು.

"ಕೊಡ್ಲಿ ಕೊಡಬೇ ಯವ್ವಾ. ಉದ್ದ ಕಾವಿಂದು."

ಕಾವು ಅಂದರೆ ಹಿಡಿ. ಅತ್ತೆ ಕೊಡಲಿ ಇಳಿಸಿ ಚೀಲದ ಮೇಲಿಟ್ಟರು. ಅವನ ಮುಖವನ್ನು ಆಮೇಲೆ ನೋಡಿದರು.

"ಯಾವೂರು ತಮ್ಮಾ?"

ಅವನು ಸವದತ್ತಿ ದಾರಿಯ ಒಂದು ಹಳ್ಳಿಯ ಹೆಸರು ಹೇಳಿದ.

"ಏನ ಕಡೀಬೇಕಾಗೇತಿ?"

"ಬದು."

ಬದುವನ್ನು ಯಾರೂ ಕೊಡಲಿಯಿಂದ ಕಡಿಯುವುದಿಲ್ಲ. ಹೊಲದ ಬದು ಮಣ್ಣಿನದು, ಅದಕ್ಕೆ ಗುದ್ದಲಿ ಬೇಕು. ಬದುವಿನ ಮೇಲೆ ನಿಂತವರನ್ನು ಕಡಿಯುವುದಕ್ಕೆ ಮಾತ್ರ ಕೊಡಲಿ ಬೇಕು. ಅತ್ತೆ ಕೂತಲ್ಲಿಂದಲೇ ಬಲಗಾಲು ಚಾಚಿ ಕೊಡಲಿಯ ಮೇಲೆ ಇಟ್ಟರು.

"ಯಾರ ಜೋಡಿ ಜಗಳಾ ಮಾಡಿಕೊಂಡ ಬಂದಿ?"

"ನನ್ನ ತಮ್ಮನ ಜೋಡಿ. ನಿನಗ್ಯಾಕ ಬೇಕ ಅದು? ಕಾಲ ತಗಿ."

"ತಗಿಯೂದಿಲ್ಲ. ಮನಿಗಿ ಹೋಗು. ಉಂಡು ಮಲಕೋ. ನಾಳಿ ಬಾ, ಕೊಡತೇನಿ. ಸಿಟ್ಟಿನಾಗ ಕೊಯ್ದ ಮೂಗು ಶಾಂತಾದಮ್ಯಾಲೆ ಬರೂದಿಲ್ಲಪಾ."

ಅವನು ಬಗ್ಗಿ ಕಾವು ಹಿಡಿದು ಜಗ್ಗಿದ. ಅತ್ತೆ ಕಾಲು ತೆಗೆಯಲಿಲ್ಲ. ನಮ್ಮ ಕೊಡಲಿ ಹೇಗಿರುತ್ತದೆಂದು ನನಗೆ ಗೊತ್ತು, ಕಂಬಾರ ಹಣಿದು ಕಳಿಸಿದ ಹರಿತ ಅದು, ಕೂದಲು ಇಟ್ಟರೆ ಕೂದಲು ತುಂಡಾಗುತ್ತದೆ. ಅತ್ತೆಯ ಕಾಲಿನ ಎರಡು ಬೆರಳು ಚೀಲದ ಮೇಲೇ ಉಳಿದವು. ಅತ್ತೆ ಕೂಗಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆ ಸೀರೆಯ ಮೇಲೆ ಚೆಲ್ಲಿತು. ಕಾಲಿನಿಂದ ಬಂದ ರಕ್ತ ಯಾವುದು, ಬಾಯಿಂದ ಬಂದ ಕೆಂಪು ಯಾವುದು ಎಂದು ನನಗೆ ಒಂದು ಗಳಿಗೆ ತಿಳಿಯಲೇ ಇಲ್ಲ.

ನಾನು ಹಾರೆ ಎತ್ತಿಕೊಂಡು ಅವನ ಮೈಮೇಲೆ ಹೋದೆ. ಮೊದಲ ಏಟು ಅವನ ಕೈಗೆ ಬಿದ್ದು ಕೊಡಲಿ ಕೆಳಗೆ ಬಿತ್ತು. ಎರಡನೆಯದು ಬೆನ್ನಿಗೆ. ಅವನು ನನ್ನ ಹೊಟ್ಟೆಗೆ ಒದ್ದ, ನಾನು ಗುದ್ದಲಿಗಳ ರಾಶಿಯ ಮೇಲೆ ಬಿದ್ದೆ, ಎದ್ದೆ, ಅವನ ತೋಳಿಗೆ ಹಲ್ಲು ಹಾಕಿದೆ. ಅಂಗಡಿಯ ಗೋಡೆಗೆ ತೂಗುಹಾಕಿದ್ದ ಕುಡಗೋಲುಗಳೆಲ್ಲ ಗಲಗಲ ಅಂತ ನಮ್ಮ ಮೇಲೇ ಉದುರಿದವು. ಇಬ್ಬರಿಗೂ ಎಲ್ಲೆಲ್ಲೋ ಗೀರಿದವು. ರಸ್ತೆಯಲ್ಲಿ ಮಂದಿ ಕೂಡಿದ್ದರು, ಒಬ್ಬನೂ ಒಳಗೆ ಬರಲಿಲ್ಲ.

ಆಗ ಎದುರಿನಿಂದ ಮೈಕಿನಲ್ಲಿ ದನಿ ಕೇಳಿಸಿತು.

"ಇಲ್ಲಿ ಬರ್ರಿ ಸಾವ್ಕಾರ್ರ! ಆ ಹೆಂಗಸರ ಜೋಡಿ ಏನ ಗುದ್ದಾಡ್ತೀರಿ? ನಮ್ಮ ಕಡೆ ಏನೂ ಕೇಳೂದಿಲ್ಲ, ಸಾಮಾನು ಒಯ್ಯೂದಷ್ಟ!"

ಇದು ಕಟ್ಟಿದ ಕತೆ ಎಂದು ಯಾರಿಗಾದರೂ ಅನಿಸಿದರೆ ಬೈಲಹೊಂಗಲಕ್ಕೆ ಬಂದು ಆ ಬೀದಿಯಲ್ಲಿ ಕೇಳಲಿ. ನನ್ನನ್ನು ನೂಕಿ ಅವನು ರಸ್ತೆ ದಾಟಿದ. ಕಾಲಿಗೆ ನಮ್ಮತ್ತೆಯ ರಕ್ತ ಮೆತ್ತಿತ್ತು, ಡಾಂಬರಿನ ಮೇಲೆ ಚಪ್ಪಲಿಯ ಗುರುತು ಸಾಲಾಗಿ ಮೂಡಿತು. ಆ ಆಳು, ಹಣೆಯ ಮೇಲೆ ನನ್ನ ಕಲ್ಲಿನ ಗಾಯದ ಗುರುತು ಇದ್ದವನು, ಕೆಂಪು ಬಣ್ಣದ ಹಿಡಿಯ ಕೊಡಲಿಯನ್ನು ನಗುತ್ತ ಅವನ ಕೈಗೇ ಕೊಟ್ಟ. ಮೋಟಾರ್ ಸೈಕಲ್ ಇನ್ನೂ ಚಾಲೂ ಇತ್ತು. ಹತ್ತಿ ಹೋದ.

ನಾನು ಅತ್ತೆಯ ಕಾಲಿಗೆ ನನ್ನ ಸೆರಗು ಸುತ್ತಿ, ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದೆ. ಬೆರಳು ಕೂಡಿಸಲು ಆಗಲಿಲ್ಲ. ಹೊಲಿಗೆ ಹಾಕಿ ಮಲಗಿಸಿದರು. ಹೊತ್ತು ಮುಳುಗುವುದರೊಳಗೆ ಅದೇ ದವಾಖಾನೆಯ ಬಾಗಿಲಿಗೆ ಒಂದು ಟ್ರ್ಯಾಕ್ಸ್ ಜೀಪು ಬಂದು ನಿಂತಿತು. ಅದರಲ್ಲಿ ಆ ಕೊಡಲಿ ಒಯ್ದವನ ತಮ್ಮ ಇದ್ದ. ಬಲಗೈ ಮೊಣಕೈಯ ಮೇಲಕ್ಕೆ ತುಂಡಾಗಿತ್ತು. ಟ್ರ್ಯಾಕ್ಸಿನ ಸೀಟಿನಿಂದ ರಕ್ತ ಹನಿ ಹನಿಯಾಗಿ ಅಲ್ಲ, ಸಣ್ಣ ನಳ ಬಿಟ್ಟ ಹಾಗೆ ಬೀಳುತ್ತಿತ್ತು. ಇಲ್ಲಿ ಆಗುವುದಿಲ್ಲ ಅಂತ ಬೆಳಗಾವಿಗೆ ಕಳಿಸಿದರು. ಜೀವ ಉಳಿಯಿತು. ಅಣ್ಣನನ್ನು ಅಂದೇ ಹಿಡಿದರು.

ನನಗೆ ತಡೆಯಲಾಗಲಿಲ್ಲ. ಹಾಸಿಗೆಯ ಪಕ್ಕ ನಿಂತು ಅತ್ತೆಗೆ ಬೈದೆ. "ಏನ ಸಿಕ್ಕಿತು ನಿಮಗ? ಕಾಲ ಬಟ್ಟ ಹೋದೂವು, ಗಿರಾಕಿನೂ ಹೋದ, ಅಲ್ಲಿ ಕೈ ಬೀಳೂದಂತೂ ಬಿತ್ತು. ಕೊಟ್ಟಿದ್ರ ನಮ್ಮ ಕೊಡ್ಲಿ, ಕೊಡದಿದ್ರ ಅವರ ಕೊಡ್ಲಿ. ಕಡಿಯಾಂವ ಕಡದ!"

ಅವರು ಕಣ್ಣು ಮುಚ್ಚಿಕೊಂಡೇ, "ನಮ್ಮ ಕೊಡ್ಲಿ ಆ ಮನ್ಯಾಗ ಇಲ್ಲ" ಅಂದರು. ಅಷ್ಟೇ. ನನಗೆ ಆ ಉತ್ತರ ಸಾಕೆನಿಸಲಿಲ್ಲ.

ಮರುದಿನ ಸಂತೆ. ನನ್ನ ಗಂಡ ಲಾರಿ ಎಲ್ಲೋ ದಾರಿಯಲ್ಲೇ ಬಿಟ್ಟು ಬಸ್ಸಿಗೆ ಬಂದಿಳಿದರು. ದವಾಖಾನೆಗೆ ಹೋಗಿ ತಾಯಿಯ ಕಾಲು ನೋಡಿ ನೆಟ್ಟಗೆ ಅಂಗಡಿಗೆ ಬಂದರು. ನಾನು ನೆಲದ ರಕ್ತ ತೊಳೆಯುತ್ತಿದ್ದೆ. ಗೋಡೆಯಿಂದ ಕೊಡಲಿ ಇಳಿಸಿದರು. ಎದುರಂಗಡಿಯಲ್ಲಿ ಮೈಕು ಕೂಗುತ್ತಿತ್ತು. ಸಂತೆಯ ಮಂದಿ ರಸ್ತೆ ತುಂಬ ಇದ್ದರು.

ನಿಜ ಹೇಳುತ್ತೇನೆ, ನನಗೂ ಅದೇ ಬೇಕಿತ್ತು. ರಾತ್ರಿಯೆಲ್ಲ ಆ ಮೈಕಿನವನ ಗಂಟಲಿಗೆ ಹಾರೆ ಹಾಕಬೇಕೆಂದು ಹಲ್ಲು ಕಡಿದವಳು ನಾನು. ಆದರೆ ಗಂಡನ ಕೈಯಲ್ಲಿ ಕೊಡಲಿ ನೋಡಿದ ಕೂಡಲೇ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಅಲ್ಲಿ ಒಂದು ಹೆಣ, ಇಲ್ಲಿ ಒಂದು ಬೇಡಿ, ಅಂಗಡಿಗೆ ಕೀಲಿ, ಕುಂಟುವ ಅತ್ತೆ, ನಾನು. ಬಾಗಿಲಿಗೆ ಅಡ್ಡ ಬಂದು ನಿಂತೆ.

"ಏನ ಕಡೀಬೇಕಾಗೇತ್ರಿ?" ಅಂದೆ.

ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

"ಅತ್ತಾಗ ಸರಿ ಲೇ."

"ಹೇಳ್ರಿ. ಏನ ಕಡೀಬೇಕಾಗೇತಿ? ಹೇಳದವರಿಗೆ ಈ ಅಂಗಡ್ಯಾಗ ಸಾಮಾನ ಕೊಡೂದಿಲ್ಲ."

ಕೊಡಲಿಯ ಹಿಡಿಯ ತುದಿಯಿಂದ ಬಾಯಿಗೆ ತಿವಿದರು. ಮುಂದಿನ ಹಲ್ಲು ಒಂದು ಮುರಿದು ನಾಲಿಗೆಯ ಮೇಲೆ ಬಿತ್ತು. ಹಾರೆ ನನ್ನ ಕೈಗೆಟುಕುವಲ್ಲೇ ಇತ್ತು. ಅವರ ಮೊಣಕಾಲು ಎದುರಿಗೇ ಇತ್ತು. ಬೀಸಿದ್ದರೆ ಜನ್ಮಪೂರ್ತಿ ಕುಂಟುತ್ತಿದ್ದರು. ನಾನು ಯಾರೆಂದು ಅವರಿಗೂ ಗೊತ್ತು, ಅದಕ್ಕೇ ಅರ್ಧ ಹೆಜ್ಜೆ ಹಿಂದಕ್ಕೆ ಸರಿದರು. ನಾನು ಹಾರೆ ಮುಟ್ಟಲಿಲ್ಲ. ತೊಳೆದ ಹಸಿ ನೆಲದ ಮೇಲೆ ಬಾಗಿಲಿಗೆ ಅಡ್ಡವಾಗಿ ಮಲಗಿಬಿಟ್ಟೆ.

"ದಾಟಿ ಹೋಗ್ರಿ" ಅಂದೆ. ಬಾಯಲ್ಲಿ ರಕ್ತ, ಮಾತು ತೊದಲಿತು.

ಮಲಗಿದವರನ್ನು ದಾಟಬಾರದು. ಹೆಣವನ್ನು ಕೂಡ ನಮ್ಮವರು ದಾಟದೆ ಸುತ್ತುಹಾಕಿ ಹೋಗುತ್ತಾರೆ. ಸಿಟ್ಟಿನಲ್ಲಿ ಹಲ್ಲು ಮುರಿಯುವ ಗಂಡಸು ಕೂಡ ಹೆಂಡತಿಯ ಮೈ ದಾಟಿ ಹೋಗಲಾರ. ಅವರು ಕೊಡಲಿ ಎತ್ತಿದರು, ಇಳಿಸಿದರು, ಹಲ್ಲು ಕಚ್ಚಿಕೊಂಡು ಬಾಗಿಲಿನ ಚೌಕಟ್ಟಿಗೆ ಒಂದು ಏಟು ಹಾಕಿದರು. ಚೌಕಟ್ಟು ಸೀಳಿತು, ತುಂಡು ಹಾರಿ ನನ್ನ ಕೆನ್ನೆಗೆ ಬಡಿಯಿತು. ಇನ್ನೊಂದು ಏಟು. ಮತ್ತೊಂದು. ಆಮೇಲೆ ಕೊಡಲಿ ಒಳಕ್ಕೆ ಒಗೆದು, ಗೋಣಿಚೀಲದ ಮೇಲೆ ಕೂತು, ತಾಯಿ ಸತ್ತವರ ಹಾಗೆ ಅತ್ತರು. ಎದುರಂಗಡಿಯವನು ಯಾವಾಗಲೋ ಷಟರ್ ಎಳೆದುಕೊಂಡಿದ್ದ. ಮೈಕನ್ನು ಬಂದ್ ಮಾಡುವುದು ಮರೆತಿದ್ದ ಪಾಪ, ಷಟರಿನ ಒಳಗಿಂದಲೇ "ಬರ್ರಿ ಬರ್ರಿ" ಅಂತ ರೆಕಾರ್ಡಿನ ದನಿ ಕೂಗುತ್ತಿತ್ತು.

ಆ ಹಲ್ಲಿನ ಸಲುವಾಗಿ ನಾನು ಸುಗ್ಗಿ ಮುಗಿಯುವವರೆಗೂ ನನ್ನ ಗಂಡನ ಜೊತೆ ಮಾತಾಡಲಿಲ್ಲ. ಇನ್ನೂ ಪೂರ್ತಿ ಕ್ಷಮಿಸಿಲ್ಲ. ಅದು ಬೇರೆ ಮಾತು.

ಸಂತೆಗೆ ಬಂದವರಲ್ಲಿ ಯಾರೋ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದರು. ನಾನು "ಹೇಳದವರಿಗೆ ಸಾಮಾನ ಕೊಡೂದಿಲ್ಲ" ಅನ್ನುವುದು, ಆಮೇಲೆ ಬಾಯಿ ತುಂಬ ರಕ್ತ ಮಾಡಿಕೊಂಡು ಹಸಿ ನೆಲದ ಮೇಲೆ ಮಲಗುವುದು ಎಲ್ಲ ಸುತ್ತಲಿನ ಹಳ್ಳಿಗಳ ಫೋನಿನಲ್ಲೆಲ್ಲ ಓಡಾಡಿತು. ನನಗೆ ನಾಚಿಕೆಯಾಗಿ ಅಂಗಡಿಯ ಬಾಗಿಲು ತೆರೆಯುವುದೇ ಬೇಡ ಅನಿಸಿತ್ತು. ಚೌಕಟ್ಟು ಸೀಳಿದ ಅಂಗಡಿಗೆ ಯಾರು ಬಂದಾರು?

ಬಂದರು. ಮೊದಲು ಬಂದವರು ಹೆಂಗಸರು. ಕಿತ್ತೂರು ಕಡೆಯ ಒಬ್ಬಾಕೆ ತನ್ನ ಗಂಡನನ್ನು ತೋಳು ಹಿಡಿದು ಕರೆತಂದು ಮೆಟ್ಟಿಲ ಮೇಲೆ ನಿಲ್ಲಿಸಿ, "ಕೇಳ್ರಿ ಇವರನ್ನ, ಏನ ಕಡೀಬೇಕಾಗೇತಿ ಅಂತ ಕೇಳ್ರಿ" ಅಂದಳು. ಗಂಡ ತಲೆ ತುರಿಸಿಕೊಂಡು, "ಬೇಲ್ಯಾಗಿನ ಜಾಲಿ, ಮತ್ತೇನ್ರಿ" ಅಂದ. ಆಕೆಯ ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತಿತ್ತು. ರಾಮದುರ್ಗ ಕಡೆಯ ಒಬ್ಬ ಸಾಬರ ಮುದುಕಿ, ಮೂವರು ಗಂಡುಮಕ್ಕಳ ತಾಯಿ, "ನಮ್ಮ ಮನ್ಯಾಗಿನ ಹತಿಯಾರ ಎಲ್ಲಾ ಇನ್ನ ಇಲ್ಲಿಂದನ. ಬ್ಯಾರೆ ಕಡೆ ತಂದ್ರ ಒಲ್ಯಾಗ ಹಾಕತೇನಿ ಅಂದೇನಿ" ಅಂದರು. ಮನೆಗೆ ಬರುವ ಕಬ್ಬಿಣ ಯಾರಾದರೂ ಒಬ್ಬರು ಕೇಳಿ ಕೊಟ್ಟದ್ದಾಗಿರಲಿ ಎಂಬುದಷ್ಟೇ ಅವರ ಆಸೆ. ರಾತ್ರಿ ಅದು ಗೋಡೆಗೆ ತೂಗಾಡುವಾಗ ಅದರ ಕೆಳಗೆ ಮಲಗುವವರು ಅವರೇ ಅಲ್ಲವೇ.

ಗಂಡಸರೂ ಬಂದರು. ಹೆಂಗಸರು ಕಳಿಸಿದ್ದಕ್ಕೆ ಬಂದರು, ಆಮೇಲೆ ರೂಢಿಯಾಗಿ ಬಂದರು. ಹಳೆಯದನ್ನು ಹಣಿಸಿ ಕೊಡುವ ಅಂಗಡಿ ಎಂದು ಗೊತ್ತಾದ ಮೇಲೆ ಹಳೆಯದನ್ನು ತಂದರು, ಹಳೆಯದರ ಜೊತೆ ಹೊಸದನ್ನೂ ಒಯ್ದರು. ಅತ್ತೆ ಪಟ್ಟಿ ಕಟ್ಟಿದ ಕಾಲು ಚಾಚಿ ಮತ್ತೆ ಗೋಡೆಗೊರಗಿ ಕೂತರು. ಯಾರನ್ನೂ ಕರೆಯಲಿಲ್ಲ. ಸುಗ್ಗಿ ದಾಟಿತು, ಕೀಲಿಯ ಮಾತು ಯಾರೂ ಎತ್ತಲಿಲ್ಲ. ಎದುರಂಗಡಿಯವನಿಗೆ ಕೊಡಲಿಯ ಕೇಸಿನ ಸಲುವಾಗಿ ಠಾಣೆಗೆ ಅಲೆದು ಅಲೆದು ಸಾಕಾಗಿತ್ತು. ಅವನೂ ಬುದ್ಧಿವಂತನಾದ. ಅವನ ಆಳು ಈಗ ಟೆಂಪೋಕ್ಕೆ ಅಡ್ಡ ಹಾಯ್ದು ಮಂದಿಯ ರಟ್ಟೆ ಹಿಡಿದು, "ಏನ ಕಡೀತೀರಿ? ಬರ್ರಿ, ನಾವೂ ಕೇಳ್ತೇವಿ! ಏನ ಕಡೀತೀರಿ?" ಅಂತ ಕಿರುಚುತ್ತಿದ್ದ. ಅತ್ತೆ ನಕ್ಕದ್ದನ್ನು ನಾನು ಕಂಡದ್ದು ಆ ವರ್ಷ ಅದೊಂದೇ ಸಲ.

ಮುಂದಿನ ಸುಗ್ಗಿ ಹತ್ತಿರ ಬಂದಾಗ ಒಬ್ಬ ಮುದುಕಿ ಬಂದಳು. ಹಸಿರು ಸೀರೆ, ಬರಿಗಾಲು. ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತಳು.

"ಎಡಗೈ ಕುಡಗೋಲ ಐತೇನ್ರಿ?"

ನಮ್ಮ ಕಡೆಯ ಕುಡಗೋಲಿಗೆ ಹಲ್ಲು ಕಡೆದಿರುತ್ತದೆ, ಒಂದೇ ಮಗ್ಗುಲಿಗೆ. ಬಲಗೈಯವರು ಜಗ್ಗಿದರೆ ಕಚ್ಚುತ್ತದೆ, ಎಡಗೈಯವರು ಜಗ್ಗಿದರೆ ಜಾರುತ್ತದೆ. ಎಡಗೈಯದನ್ನು ಹೇಳಿಯೇ ಮಾಡಿಸಬೇಕು.

"ಇಲ್ಲವ್ವ. ಮಾಡಿಸಿಕೊಡತೇನಿ. ಏನ ಕೊಯ್ಯಬೇಕಾಗೇತಿ?" ಎಂದರು ಅತ್ತೆ.

"ಜ್ವಾಳ. ನನ್ನ ಸಣ್ಣ ಮಗಾ ಕೊಯ್ಯಾಂವ. ಅವಗ ಈಗ ಎಡಗೈ ಒಂದ ಐತಿ."

ಆಕೆ ಯಾರೆಂದು ಆಗ ತಿಳಿಯಿತು. ಆ ಇಬ್ಬರು ಅಣ್ಣತಮ್ಮಂದಿರ ತಾಯಿ. ಒಬ್ಬ ಜೈಲಿನಲ್ಲಿ, ಒಬ್ಬ ಒಂಟಿಗೈಯಲ್ಲಿ. ಆಕೆಯ ಕಣ್ಣು ಅತ್ತೆಯ ಕಾಲಿನ ಮೇಲೆ ಹೋಯಿತು, ಬೆರಳಿಲ್ಲದ ಜಾಗದಲ್ಲಿ ಬಹಳ ಹೊತ್ತು ನಿಂತಿತು.

"ನಿಮ್ಮ ಕಾಲ ಮುಟ್ಟಿ ಕೇಳತೇನ್ರಿ" ಅಂದಳು. "ಅವತ್ತ ನಿಮಗ ಗೊತ್ತಾಗಿತ್ತು. ಯಾವೂರು ಅಂತ ಕೇಳಿದ್ರಿ, ಯಾರ ಜೋಡಿ ಜಗಳ ಅಂತನೂ ಕೇಳಿದ್ರಿ. ಅಂವ ಇಲ್ಲಿಂದ ಹೊಲಕ್ಕ ಬರೂ ತನಕಾ ಹೊತ್ತಿತ್ತಲ್ಲರಿ. ನಮ್ಮೂರಾಗ ಫೋನ ಇಲ್ಲದ ಮನಿ ಇಲ್ಲ. ಓಡಿ ಹೋಗು ಅಂತ ಸಣ್ಣಾಂವಗ ಒಂದ ಮಾತ ಯಾಕ ಮುಟ್ಟಿಸಲಿಲ್ಲ?"

ನನ್ನ ಮೈ ಉರಿಯಿತು. "ಬಟ್ಟ ಕಡಿಸಿಕೊಂಡು ಬಿದ್ದಿದ್ರಬೇ ಅವರು! ರಕ್ತ ಸುರೀಲಿಕ್ಕೆ ಹತ್ತಿತ್ತು! ನಿನ್ನ ಮಗನ ಮಾಡಿದ್ದು! ಓಣಿ ಮಂದಿ ಎಲ್ಲಾ ನಿಂತ ನೋಡಿದ್ರು, ಅವರನ್ನ ಕೇಳ ಹೋಗು!" ಅಂತ ಕೂಗಾಡಿದೆ. ಮೆಟ್ಟಿಲಿಳಿದು ಆಕೆಯ ಭುಜಕ್ಕೆ ಕೈ ಹಾಕುವವಳೇ ಇದ್ದೆ.

"ಏ, ಬಾಯಿ ಮುಚ್ಚು" ಅಂದರು ಅತ್ತೆ. ನನಗೆ ಅಷ್ಟು ಗಡಸಾಗಿ ಅವರು ಎಂದೂ ಅಂದಿರಲಿಲ್ಲ. ಆಮೇಲೆ ಆಕೆಯ ಕಡೆ ತಿರುಗಿ, "ಖರೇ ಐತವ್ವ. ಕೊಡೂದಿಲ್ಲ ಅಂದೆ. ಅಲ್ಲಿಗೆ ನನ್ನ ಕೆಲಸ ಮುಗೀತು ಅಂತ ತಿಳಕೊಂಡೆ" ಅಂದರು.

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಮಾಡಿಸಿಡ್ರಿ. ನಾ ಮತ್ತ ಬರತೇನಿ. ನಾ ಬ್ಯಾರೆ ಅಂಗಡಿಗಿ ಹೋಗಾಕಿ ಅಲ್ಲ" ಅಂದು ಹೋದಳು.

ಅತ್ತೆ ಆ ದಿನ ಊಟ ಮಾಡಲಿಲ್ಲ. ಆವತ್ತಿನಿಂದ, ಕೊಡಲಿ ನಿರಾಕರಿಸಿ ಕಳಿಸಿದ ಪ್ರತಿಯೊಬ್ಬರ ಊರಿಗೆ ಫೋನ್ ಮಾಡಿಸುತ್ತಾರೆ. ಎಷ್ಟೋ ಸಲ ಬೈಸಿಕೊಂಡಿದ್ದೇವೆ. ಒಬ್ಬ ವಾಪಸು ಬಂದು, ಮಾನ ಕಳೆದಿರಿ ಎಂದು ನಮ್ಮ ಮೆಟ್ಟಿಲಿಗೆ ಕಲ್ಲು ಎತ್ತಿ ಹಾಕಿ ಹೋದ. ಹಾಕಲಿ.

ತೊರಗಲ್ಲಿನ ಕಂಬಾರ ಎಡಗೈ ಕುಡಗೋಲು ಮಾಡಿ ಕಳಿಸಿದ. ಅತ್ತೆ ಮುದುಕಿ ಬರುವವರೆಗೆ ಕಾಯಲಿಲ್ಲ. ಹುಟ್ಟಿದಾಗಿನಿಂದ ಒಬ್ಬ ಗಿರಾಕಿಯನ್ನೂ ಕೈಬೀಸಿ ಕರೆಯದ ಹೆಂಗಸು, ಅದನ್ನು ಚೀಲದಲ್ಲಿ ಸುತ್ತಿಕೊಂಡು, ಕುಂಟುತ್ತ ಬಸ್ಸು ಹತ್ತಿದರು. ನಾನೂ ಜೊತೆಗೆ ಹೋದೆ. ಹೊಲದಲ್ಲಿ ಜೋಳ ಆಳೆತ್ತರ ನಿಂತಿತ್ತು. ಬದುವಿನ ಆ ಕಡೆಯ ಹೊಲ ಅಣ್ಣನದು, ಅದೂ ಕೊಯ್ಲಿಗೆ ಬಂದಿತ್ತು, ಕೊಯ್ಯುವವರಿರಲಿಲ್ಲ. ಅತ್ತೆ ಕುಡಗೋಲನ್ನು ನೆಲದ ಮೇಲಿಟ್ಟರು. ಆ ಸಣ್ಣ ಮಗ ಬಗ್ಗಿ ಎಡಗೈಯಿಂದ ಎತ್ತಿಕೊಂಡ, ತಿರುಗಿಸಿ ಹಲ್ಲು ನೋಡಿದ, ಸಂತೋಷಪಟ್ಟ. ಸಾಲಿನ ಮುಂದೆ ಕೂತು ಒಂದು ದಂಟಿಗೆ ಕುಡಗೋಲು ಹಾಕಿ ಜಗ್ಗಿದ. ದಂಟು ತುಂಡಾಗಲಿಲ್ಲ. ಕುಡಗೋಲಿನ ಜೊತೆಗೇ ಬಾಗಿ ಅವನ ಮೈಮೇಲೆ ಬಂತು. ಮತ್ತೆ ಜಗ್ಗಿದ, ಮತ್ತೆ ಬಾಗಿತು. ಕೊಯ್ಯುವ ಕೈ ಒಂದಾದರೆ ದಂಟು ಹಿಡಿಯುವುದಕ್ಕೆ ಇನ್ನೊಂದು ಕೈ ಬೇಕು. ಅಷ್ಟು ವರ್ಷ ಕುಡಗೋಲು ಮಾರಿದ ನಮ್ಮತ್ತೆಗಾಗಲಿ, ನನಗಾಗಲಿ, ಮಾಡಿದ ಕಂಬಾರನಿಗಾಗಲಿ, ಹೆತ್ತ ತಾಯಿಗಾಗಲಿ ಇದು ಹೊಳೆದಿರಲೇ ಇಲ್ಲ. ಅವನು ಮೂರನೆಯ ಸಲ ಇಡೀ ಮೈಯಿಂದ ಜಗ್ಗಿದ, ಹಿಂದಕ್ಕೆ ಬಿದ್ದ, ಕುಡಗೋಲನ್ನು ಮಣ್ಣಿಗೆ ಕುಕ್ಕಿ ಕುಕ್ಕಿ ಹಾಕಿದ.

ಮುದುಕಿ ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತು ತನ್ನ ಎರಡೂ ಕೈಯಿಂದ ದಂಟು ಹಿಡಿದಳು.

"ಕೊಯ್ಯಿ" ಅಂದಳು.

ಅವಳ ಬೆರಳಿಗೂ ಕುಡಗೋಲಿನ ಹಲ್ಲಿಗೂ ನಡುವೆ ಇದ್ದದ್ದು ಒಂದು ಗೇಣು ಮಾತ್ರ. ಅವನು ಕುಡಗೋಲಿಗೆ ಹತ್ತಿದ ಮಣ್ಣನ್ನು ಧೋತರಕ್ಕೆ ಒರೆಸಿ ದಂಟಿನ ಬುಡಕ್ಕೆ ತಂದ. ಆಮೇಲೆ ಮೆಲ್ಲಗೆ ಕೊಯ್ದ.